ಒಲೆ ಹಚ್ಚದ ದಿನ

ನಾನು ಆಫೀಸು ಎಂದು ಕರೆಯುವ ಜಾಗ ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿದೆ. ಮುಂದೆ ಸೀರೆ ಅಂಗಡಿ, ಹಿಂದೆ ಒಂದು ಕೋಣೆ. ಆ ಕೋಣೆಯಲ್ಲಿ ಒಂದು ಮೇಜು, ಎರಡು ತಕ್ಕಡಿ, ಪ್ಯಾಕೆಟ್ಟಿನ ಬಾಯಿ ಮುಚ್ಚುವ ಒಂದು ಮಶೀನು, ಗೋಡೆಗೆ ಒಂದು ಕರಿಹಲಗೆ. ಯಾರಾದರೂ ಬಂದು ಇಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ನಾವು ರೊಟ್ಟಿ ಬಡಿಯುವುದಿಲ್ಲ. ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳ ಬೆನ್ನಿಗೆ ನಿಲ್ಲುತ್ತೇವೆ. ಲೈಸೆನ್ಸ್ ಮಾಡಿಸಿಕೊಡುವುದು, ಆರ್ಡರ್ ಹಿಡಿಯುವುದು, ಪ್ಯಾಕೆಟ್ಟು ತರಿಸುವುದು, ಯಾವ ಬಸ್ಸಿನ ಕಂಡಕ್ಟರು ಬುಟ್ಟಿಯನ್ನು ಜೋಪಾನವಾಗಿ ಒಯ್ಯುತ್ತಾನೆ ಎಂದು ತಿಳಿದಿಟ್ಟುಕೊಳ್ಳುವುದು, ಇಂಥವೇ ನಮ್ಮ ಕೆಲಸ. ನೋಡಿದವರಿಗೆ ಇದೇನು ಮಹಾ ಅನಿಸಬಹುದು. ಇದಿಲ್ಲದೆ ಮುಳುಗಿದ ಸಂಘಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇದಕ್ಕೂ ಮೊದಲು ಬಹಳ ವರ್ಷ ಒಂದು ಸಂಸ್ಥೆಯಲ್ಲಿದ್ದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಊರೂರು ಸುತ್ತಿ ಮಹಿಳಾ ಸಂಘ ಕಟ್ಟುವುದು ನನ್ನ ನೌಕರಿ. ಸಂಘ ಕಟ್ಟುವುದರಲ್ಲಿ ನಾನು ಎತ್ತಿದ ಕೈ. ಒಂದು ಬ್ಯಾನರ್ ಕಟ್ಟಿ, ಒಂದು ಫೋಟೊ ಹೊಡೆಸಿ, ಚಹಾ ಕುಡಿಸಿ ಬಂದರೆ ಸಂಘ ಆಯಿತು. ಆಮೇಲೆ ಆ ಹೆಣ್ಣುಮಕ್ಕಳು ರಸ್ತೆಯ ಮೇಲೆ ಒಬ್ಬರೇ ನಿಂತಿರುತ್ತಿದ್ದರು. ಕೈಯಲ್ಲಿ ಕಸುಬಿದೆ, ಮಾಲಿದೆ, ಕೊಳ್ಳುವವರೂ ಇದ್ದಾರೆ, ನಡುವೆ ಒಂದು ಕಾಗದಕ್ಕೋ ಒಂದು ಬಸ್ಸಿಗೋ ಎಲ್ಲ ನಿಂತುಹೋಗುತ್ತಿತ್ತು. ನೋಡಿ ನೋಡಿ ಸಾಕಾಗಿ ನೌಕರಿ ಬಿಟ್ಟೆ. ಬಿಟ್ಟಾಗ ಮನೆಯವರು ತಲೆ ಕೆಟ್ಟಿದೆ ಎಂದರು. ನನಗೆ ಒಂದು ದಿನವೂ ಹಾಗೆ ಅನಿಸಿಲ್ಲ.

ಸದ್ಯ ನಮ್ಮ ಜೊತೆ ನಾಲ್ಕು ಗುಂಪುಗಳಿವೆ. ಕೊಪ್ಪಳದವರು ಪ್ಯಾಕಿಂಗ್ ನೋಡಿಕೊಳ್ಳುತ್ತಾರೆ. ಗಂಗಾವತಿಯವರು ಕಾಲುವೆ ಕಡೆಯ ಭತ್ತದ ಸೀಮೆಯವರು; ಮಾತಿನಲ್ಲಿ ಅರ್ಧ ತೆಲುಗು, ಕೈಯಲ್ಲಿ ಶೇಂಗಾ ಚಟ್ನಿಪುಡಿ, ಅಕ್ಕಿ ಸಂಡಿಗೆ. ಕುಷ್ಟಗಿಯವರದು ಸಜ್ಜೆ ರೊಟ್ಟಿ. ಯಲಬುರ್ಗಾ ತಾಲೂಕಿನ ಒಂದು ಊರಿನಲ್ಲಿ ಹನ್ನೊಂದು ಮಂದಿಯ ಗುಂಪಿದೆ, ಅವರದು ಜೋಳದ ರೊಟ್ಟಿ. ಆ ರೊಟ್ಟಿಯನ್ನು ಎತ್ತಿ ಹಿಡಿದರೆ ಆಚೆ ಬದಿಯ ಬೆರಳು ಕಾಣುತ್ತವೆ, ಅಷ್ಟು ತೆಳುವು. ಮದುವೆ, ಸೀಮಂತ, ಗೃಹಪ್ರವೇಶ ಎಂದರೆ ಜನ ಆ ಊರಿನ ರೊಟ್ಟಿಯೇ ಬೇಕು ಎನ್ನುತ್ತಾರೆ. ಅದೂ ಖಡಕ್ ಅಲ್ಲ, ಮೆತ್ತನೆಯದು. ಮೆತ್ತನೆಯ ರೊಟ್ಟಿಯನ್ನು ಮಾಡಿಟ್ಟುಕೊಂಡು ಕೂರಲಾಗುವುದಿಲ್ಲ. ಇವತ್ತು ಬಡಿದದ್ದು ನಾಳೆ ಮಧ್ಯಾಹ್ನದೊಳಗೆ ಊಟದ ಪಂಕ್ತಿಗೆ ಬೀಳಬೇಕು.

ಅದಕ್ಕೇ ಕರಿಹಲಗೆಯ ಮೇಲೆ ನಾನು ಕೆಲವು ನಿಯಮ ಬರೆದಿದ್ದೆ. ಹೇಳಿದ ದಿನ, ಹೇಳಿದ ಹೊತ್ತಿಗೆ ಮಾಲು ಬಸ್ಸಿಗೆ ಬೀಳಬೇಕು. ಮೂರು ಸಲ ತಪ್ಪಿದರೆ ಆರ್ಡರ್ ಬೇರೆ ಗುಂಪಿಗೆ. ಇಷ್ಟೇ ಇದ್ದದ್ದಕ್ಕೆ ಒಂದು ದಿನ ಸಿಟ್ಟಿನಲ್ಲಿ ಇನ್ನೊಂದು ಸೇರಿಸಿದೆ: ಮನೆಯ ತಾಪತ್ರಯ ಮನೆಯಲ್ಲೇ ಇರಲಿ. ಮೊದಮೊದಲು ಒಬ್ಬೊಬ್ಬರದು ಒಂದೊಂದು ಕಾರಣ. ಮಗುವಿಗೆ ಜ್ವರ, ಅತ್ತೆಗೆ ಮುನಿಸು, ಬೀಗರು ಬಂದರು. "ಊಟಕ್ಕ ಕುಂತ ಮಂದಿಗೆ ರೊಟ್ಟಿ ಬದ್ಲಿ ನಿಮ್ಮ ಬೀಗರ ಕತಿ ಬಡಸ್ಲೇನು?" ಎಂದು ನಾನು ರೇಗುತ್ತಿದ್ದೆ. ಹೆಣ್ಣುಮಕ್ಕಳು ನನಗೆ ಖಡಕ್ ಅಕ್ಕಾರು ಎಂದು ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದಾಗ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಆ ನಿಯಮ ಬರೆದ ಮೇಲೆ ಮನೆಯ ಸುದ್ದಿ ಬರುವುದು ನಿಂತಿತು. ಯಂತ್ರದ ಸುದ್ದಿ ಶುರುವಾಯಿತು. ಯಲಬುರ್ಗಾದಿಂದ ಗಿರಣಿ ಕೆಟ್ಟಿದೆ, ಹಿಟ್ಟು ಬೀಸಿಲ್ಲ ಎಂದು ಫೋನ್. ಕುಷ್ಟಗಿಯಿಂದ ಗ್ಯಾಸ್ ಸಿಲಿಂಡರ್ ಖಾಲಿ. ಗಂಗಾವತಿಯಿಂದ ಮಿಕ್ಸರಿನ ಮೋಟಾರು ಸುಟ್ಟಿತು. ನನಗೆ ಸಿಟ್ಟು ಬರಲಿಲ್ಲ, ಹುರುಪು ಬಂತು. ಯಂತ್ರ ಕೆಟ್ಟರೆ ರಿಪೇರಿ ಮಾಡಿಸಬಹುದಲ್ಲ! ಕುಷ್ಟಗಿಯ ಒಬ್ಬ ಮಿಸ್ತ್ರಿಯನ್ನು ಗೊತ್ತುಮಾಡಿ, ಕರೆದಾಗ ಬರಬೇಕೆಂದು ಒಪ್ಪಿಸಿದೆ. ಗಿರಣಿಗೆ ಹೆಚ್ಚಿನ ಬೆಲ್ಟು ತರಿಸಿಟ್ಟೆ. ಕುಷ್ಟಗಿಗೆ ಇನ್ನೊಂದು ಸಿಲಿಂಡರ್, ಗಂಗಾವತಿಗೆ ಇನ್ನೊಂದು ಮಿಕ್ಸರ್. ಕೊಪ್ಪಳದಲ್ಲಿ ನಡೆದ ಒಂದು ತರಬೇತಿಯಲ್ಲಿ, ಸಣ್ಣ ಉದ್ದಿಮೆಗೆ ಬೆಂಬಲ ವ್ಯವಸ್ಥೆ ಕಟ್ಟುವುದು ಹೇಗೆ ಎಂದು ಈ ಬೆಲ್ಟು ಸಿಲಿಂಡರುಗಳನ್ನೇ ಹಿಡಿದು ಒಂದು ತಾಸು ಭಾಷಣ ಮಾಡಿದೆ. ಬಂದವರು ಬರೆದುಕೊಂಡರು ಕೂಡ. ಈಗ ಆ ವಹಿಗಳು ಎಲ್ಲಿವೆಯೋ, ಯಾರೂ ತೆಗೆದು ನೋಡದಿರಲಿ.

ಯಲಬುರ್ಗಾದ ಗುಂಪು ಎರಡನೆಯ ಸಲ ಗಿರಣಿ ಕೆಟ್ಟಿದೆ ಎಂದಾಗ ಮಿಸ್ತ್ರಿಯನ್ನು ಕಳಿಸಿದ್ದೆ. ಅವನು ಸಂಜೆ ಫೋನ್ ಮಾಡಿ, "ಅಕ್ಕಾರ, ಗಿರಣಿ ಛಲೋ ಐತ್ರಿ. ನನಗ ಚಾ ಕುಡಿಸಿ, ಬೆಲ್ಟ್ ಒಂದೀಟು ಒರಸ್ರಿ ಅಂದ್ರು. ಒರಸಿ ಬಂದೀನಿ" ಎಂದ. ನಾನು ಅದನ್ನೂ ನಮ್ಮ ವ್ಯವಸ್ಥೆಯ ಗೆಲುವು ಎಂದೇ ತಿಳಿದೆ.

ಮೂರನೆಯ ಸಲ ತಪ್ಪಿದ್ದು ಮುನಿರಾಬಾದಿನ ಒಂದು ಮದುವೆಗೆ. ಡ್ಯಾಮಿನ ಕಾಲೊನಿಯ ಮನೆ, ದೊಡ್ಡ ಆರ್ಡರು, ಮರುದಿನವೇ ಊಟ. ಬೆಳಿಗ್ಗೆ ನಾನಿನ್ನೂ ಆಫೀಸಿನ ಬೀಗ ತೆಗೆಯುತ್ತಿದ್ದೆ, ಆ ಗುಂಪಿನ ಮುಂದಾಳು ಫೋನ್ ಮಾಡಿದಳು. ನಲವತ್ತು ದಾಟಿದ ಹೆಂಗಸು, ಹೆಚ್ಚು ಮಾತಿಲ್ಲ, ಅವಳ ಕೈಯ ರೊಟ್ಟಿಯೇ ಎಲ್ಲಕ್ಕಿಂತ ತೆಳುವು.

"ಅಕ್ಕಾರ, ಗಿರಣಿ ಕೆಟ್ಟೈತ್ರಿ. ಇವತ್ತ ಆಗೂದಿಲ್ರಿ."

ಈ ಸಲ ಮಿಸ್ತ್ರಿಗೆ ಫೋನ್ ಮಾಡಲಿಲ್ಲ. ಹಾಕಿದ ಬೀಗ ಹಾಕಿದಂತೆಯೇ ಬಿಟ್ಟು ನಾನೇ ಬಸ್ಸು ಹತ್ತಿದೆ.

ಊರ ಮುಂದೆ ಇಳಿಯುವಾಗಲೇ ಗಿರಣಿಯ ಸದ್ದು ಕೇಳಿಸಿತು. ಬಾಗಿಲಲ್ಲಿ ಹಣಿಕಿ ನೋಡಿದರೆ ಗಿರಣಿಯವನು ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ಜೋಳ ಸುರಿಯುತ್ತಿದ್ದ. ನನ್ನ ಮೈ ಉರಿಯಿತು. ಮುಂದೆ ಹೋದೆ. ಒಂದು ಓಣಿಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಆ ಸಪ್ಪಳವನ್ನು ನಾನು ನಿದ್ದೆಯಲ್ಲಿ ಕೇಳಿದರೂ ಗುರುತಿಸುತ್ತೇನೆ. ಒಬ್ಬರದಲ್ಲ, ಏಳೆಂಟು ಕೈಗಳದು. ನೋಡುತ್ತಿದ್ದಂತೆ ಆ ಓಣಿಯ ಬಾಯಿಂದ ನಾಲ್ವರು ಹೊರಬಿದ್ದರು, ತಲೆಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಬಿಳಿ ಬಟ್ಟೆ. ಮುಂದೆ ಇದ್ದವಳು ನಮ್ಮ ಮುಂದಾಳು. ಮೊಣಕೈವರೆಗೆ ಹಿಟ್ಟು ಒಣಗಿತ್ತು.

ನಾನು ದಾರಿಗೆ ಅಡ್ಡ ನಿಂತೆ.

"ಗಿರಣಿ ಕೆಟ್ಟೈತಿ ಅಂದ್ರಿ. ಹಂಗಾರ ಇವು ಯಾವ ಹಿಟ್ಟಿನ ರೊಟ್ಟಿ?"

ಅವರಿಗೆ ಮಾತಾಡಲು ನಾನು ಬಿಡಲಿಲ್ಲ. "ನನ್ನ ಆರ್ಡರ್ ಬಿಟ್ಟು ಬ್ಯಾರೆಯವರಿಗೆ ಮಾರಾಕತ್ತೀರಿ ಹೌದಿಲ್ಲೋ? ಕಳ್ಳರದೀರಿ, ಹನ್ನೊಂದು ಮಂದೀನೂ ಕಳ್ಳರು. ನಿಮ್ಮ ಸಲುವಾಗಿ ನಾ ಬಸ್‌ಸ್ಟ್ಯಾಂಡ್ ಬಸ್‌ಸ್ಟ್ಯಾಂಡ್ ಅಡ್ಡಾಡ್ತೀನಿ, ನೀವಿಲ್ಲಿ ಸುಳ್ಳು ಹೇಳಿ ಬುಟ್ಟಿ ತುಂಬಾಕತ್ತೀರಿ." ಹೀಗೇ ಇನ್ನೂ ಏನೇನೋ. ನನ್ನ ದನಿ ಮೊದಲೇ ದೊಡ್ಡದು, ಸಿಟ್ಟು ಬಂದರೆ ಕೇಳುವುದೇ ಬೇಡ. ಕಟ್ಟೆಯ ಮೇಲೆ ಕೂತವರು ತಿರುಗಿದರು. ಕಿರಾಣಿ ಅಂಗಡಿಯವನು ತೂಕ ಬಿಟ್ಟು ಹೊರಬಂದು ನಿಂತ. "ಇವತ್ತಿನಿಂದ ನಿಮ್ಮ ಹೆಸರು ನಮ್ಮ ಹಲಗಿ ಮ್ಯಾಲ ಇರೂದಿಲ್ಲ" ಎಂದು ಮುಗಿಸಿದೆ.

ಮುಂದಾಳು ಬುಟ್ಟಿಯನ್ನು ಒಂದು ಕೈಯಿಂದ ಸರಿಮಾಡಿಕೊಂಡಳು. "ಆತ್ರಿ ಅಕ್ಕಾರ. ದಾರಿ ಬಿಡ್ರಿ" ಎಂದಳು. ಅಷ್ಟೇ ಹೇಳಿ ನನ್ನ ಪಕ್ಕದಿಂದ ಹಾದುಹೋದಳು. ಉಳಿದ ಮೂವರೂ ಹಾದುಹೋದರು.

ಬಸ್ ನಿಲ್ಲುವ ಬೇವಿನ ಮರದ ಕೆಳಗೆ ನಿಂತು ಕುಷ್ಟಗಿಯ ಮುಂದಾಳಿಗೆ ಫೋನ್ ಮಾಡಿದೆ. ಮುನಿರಾಬಾದಿನ ಆರ್ಡರು ನಿಮಗೆ, ಎಲ್ಲರನ್ನೂ ಕೂಡಿಸಿ, ಆ ಊರಿನ ಮೇಲೆ ಹಾಯುವ ಸಂಜೆಯ ಹೊಸಪೇಟೆ ಬಸ್ಸಿಗೆ ಹಾಕಿರಿ, ಇನ್ನು ಮುಂದೆ ಜೋಳದ ರೊಟ್ಟಿಯ ಆರ್ಡರುಗಳೆಲ್ಲ ನಿಮ್ಮವೇ ಎಂದೆ. ಆಕೆ ಆಶ್ಚರ್ಯದಿಂದ ಆಯಿತು ಎಂದಳು. ಫೋನ್ ಇಟ್ಟಾಗ ನನಗೆ ಸಮಾಧಾನವೇ ಆಗಿತ್ತು, ಸುಳ್ಳು ಹೇಳುವುದಿಲ್ಲ. ವ್ಯವಸ್ಥೆ ಎಂದರೆ ಹೀಗಿರಬೇಕು, ಒಬ್ಬರು ತಪ್ಪಿದರೆ ಕೆಲಸ ನಿಲ್ಲಬಾರದು ಎಂದುಕೊಂಡೆ.

ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮುದುಕರು ನನ್ನ ಕಡೆ ನೋಡಿ, "ಮಣ್ಣಿಗೆ ಬಂದಿದ್ದೇನವ್ವ?" ಎಂದು ಕೇಳಿದರು.

ನನಗೆ ತಿಳಿಯಲಿಲ್ಲ. ಯಾರ ಶವಸಂಸ್ಕಾರ ಎಂದು ಕೇಳುವ ಮೊದಲೇ ಅವರೇ ಮುಂದುವರಿಸಿದರು. "ಮುದುಕಿ ಛಲೋ ಜೀವ. ಬೆಳಗು ಹರಿಯೂ ಹೊತ್ತಿಗೆ ಹೋತು. ಈಗ ಸ್ವಲ್ಪೊತ್ತಿನ ಮುಂದ ಮಣ್ಣು ಆತು ನೋಡು. ಮಗಳು ರೊಟ್ಟಿ ಸಂಘದಾಕಿ. ಪಾಪ, ಆ ಓಣ್ಯಾಗ ಮುಂಜಾನಿಂದ ಒಬ್ಬರ ಮನ್ಯಾಗೂ ಒಲಿ ಹಚ್ಚಿಲ್ಲ. ಬಂದ ಮಂದಿಗೆ ಆಚಿ ಓಣ್ಯಾಗ ರೊಟ್ಟಿ ಬಡದು ಒಯ್ಯಾಕತ್ತಾರ."

ಇದು ನನಗೆ ಗೊತ್ತಿಲ್ಲದ ಪದ್ಧತಿಯೇ? ನಾನೂ ಇದೇ ಸೀಮೆಯ ಹೆಣ್ಣುಮಗಳು. ಓಣಿಯಲ್ಲಿ ಹೆಣ ಇದ್ದರೆ ಅದನ್ನು ಎತ್ತುವವರೆಗೆ ಯಾರೂ ಒಲೆ ಹಚ್ಚುವುದಿಲ್ಲ. ರೊಟ್ಟಿ ಬಡಿಯುವ ಸಪ್ಪಳವಂತೂ ಆ ಓಣಿಯಲ್ಲಿ ಏಳಲೇಬಾರದು. ಸತ್ತವರ ಮನೆಯಲ್ಲಿ ಆಮೇಲೂ ಒಲೆ ಹಚ್ಚುವುದಿಲ್ಲ, ಆಚೆ ಓಣಿಯವರು, ಬಳಗದವರು ಬುಟ್ಟಿ ತರುತ್ತಾರೆ. ಚಿಕ್ಕಂದಿನಲ್ಲಿ ನಮ್ಮವ್ವ ಅಂಥ ಬುಟ್ಟಿ ಹೊತ್ತು ಹೊರಟಾಗ ದಾರಿಯಲ್ಲಿ ಯಾರೂ ಅವಳನ್ನು ನಿಲ್ಲಿಸಿ ಮಾತಾಡಿಸುತ್ತಿರಲಿಲ್ಲ. ಅಂಥ ಬುಟ್ಟಿಯನ್ನು ನಾನು ಅಡ್ಡಗಟ್ಟಿ ಕಳ್ಳರು ಎಂದು ಕೂಗಿದ್ದೆ.

"ಹೌದ್ರಿ, ಮಣ್ಣಿಗೇ ಬಂದೀನಿ" ಎಂದೆ. ಬಸ್ಸು ಬಂತು. ಹತ್ತಲಿಲ್ಲ.

ಆ ಮನೆಯ ಅಂಗಳದಲ್ಲಿ ಜನ ತುಂಬಿದ್ದರು. ನಮ್ಮ ಗುಂಪಿನ ಆ ಹೆಣ್ಣುಮಗಳು ಗೋಡೆಗೆ ಒರಗಿ ಕೂತಿದ್ದಳು, ಕಣ್ಣು ಬಾತಿದ್ದವು. ಬುಟ್ಟಿಗಳ ಬಟ್ಟೆ ತೆಗೆದು ದೂರದಿಂದ ಬಂದವರಿಗೆ ರೊಟ್ಟಿ, ಝುಣಕ ಬಡಿಸುತ್ತಿದ್ದರು. ನಾನು ಒಂದು ಮೂಲೆಯಲ್ಲಿ ಕೂತೆ. ಮುಂದಾಳು ಬಂದು ನನಗೂ ತಾಟು ಇಟ್ಟಳು. ನಾನು ಬಾಯಿ ತೆರೆದೆ.

"ಈಗ ಬ್ಯಾಡ್ರಿ" ಎಂದಳು ಮೆಲ್ಲಗೆ. "ಅದು ಇಲ್ಲಿ ಆಡೂ ಮಾತಲ್ಲ. ಉಣ್ರಿ."

ಉಂಡೆ. ಅದೇ ರೊಟ್ಟಿ. ತಾಟಿನಲ್ಲಿ ಬಿಟ್ಟು ಏಳುವ ಮುಖ ನನಗಿರಲಿಲ್ಲ.

ಹೊರಟಾಗ ಅವಳು ಓಣಿಯ ತುದಿಯವರೆಗೆ ಬಂದಳು. ನಾನು ತಡೆಯಲಾರದೆ ಕೇಳಿದೆ. "ಯಾಕ ಹೇಳಲಿಲ್ಲ? ಸಾವು ಆಗೈತಿ ಅಂದಿದ್ರ ನಾನೇನು ಬೈತಿದ್ನೇನು?"

"ಗಿರಣಿ ಕೆಟ್ಟೈತಿ ಅಂದ್ರ ನೀವು ಸಿಟ್ಟಾಗಂಗಿಲ್ರಿ ಅಕ್ಕಾರ. ಮಿಸ್ತ್ರಿನ್ನ ಕಳಸ್ತೀರಿ. ಮನೀದು ಏನರ ಹೇಳಿದ್ರ ಹಲಗಿ ತೋರಸ್ತೀರಿ." ಆಮೇಲೆ ಸೆರಗು ಸರಿಮಾಡಿಕೊಂಡು, "ಮತ್ತ ಸತ್ತವರನ್ನ ನೆವ ಮಾಡಿ ರಜಾ ಕೇಳೂದು ನಮಗ ಬಾಯಿಗೆ ಬರಂಗಿಲ್ರಿ. ಅದೂ ಮದುವಿ ಮನಿ ಆರ್ಡರಿಗೆ" ಎಂದಳು.

"ಹಿಂದಿನ ಎರಡು ಸಲ?"

"ಅವೂ ಹಿಂಗ ರಿ."

ಆರ್ಡರು ನಿಮ್ಮದೇ, ನಾಳೆಯಿಂದ ಮೊದಲಿನಂತೆ ಮಾಡಿರಿ ಎಂದೆ. ಅವಳು ಸಿಟ್ಟಿಲ್ಲದ ದನಿಯಲ್ಲಿ, "ಕಳ್ಳರ ಕೂಡ ಯಾಕ ವ್ಯವಹಾರ ಮಾಡ್ತೀರಿ ಬಿಡ್ರಿ" ಎಂದು ತಿರುಗಿ ಹೋದಳು.

ಭಾಗ್ಯನಗರಕ್ಕೆ ಬಂದು ಮೊದಲು ಮಾಡಿದ ಕೆಲಸ ಹಲಗೆಯ ಮೇಲಿನ ಆ ಮೂರನೆಯ ನಿಯಮವನ್ನು ಒರೆಸಿದ್ದು. ಎರಡನೆಯದು ಕುಷ್ಟಗಿ, ಗಂಗಾವತಿ, ಕೊಪ್ಪಳದ ಮುಂದಾಳುಗಳನ್ನು ಕರೆಸಿದ್ದು. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಇಂಥ ಸಭೆ ಕೂಡಿಸುವುದು ಕಷ್ಟವಲ್ಲ. ನಡೆದದ್ದನ್ನು ಇದ್ದಂತೆಯೇ ಹೇಳಿದೆ, ನಾನು ಕೂಗಿದ್ದನ್ನೂ ಸೇರಿಸಿ. ಆಮೇಲೆ ಕುಷ್ಟಗಿಯವಳನ್ನು ನೇರವಾಗಿ ಕೇಳಿದೆ, ನಿಮ್ಮ ಸಿಲಿಂಡರ್ ಎಷ್ಟು ಸಲ ಖಾಲಿ ಆಗಿತ್ತು ಎಂದು.

ಅವಳು ಗಂಗಾವತಿಯವಳ ಮುಖ ನೋಡಿದಳು. ಗಂಗಾವತಿಯವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಇಬ್ಬರೂ ಒಟ್ಟಿಗೆ ನಕ್ಕುಬಿಟ್ಟರು.

"ಒಮ್ಮೀನೂ ಖಾಲಿ ಆಗಿಲ್ರಿ ಅಕ್ಕಾರ."

"ನಮ್ಮ ಮಿಕ್ಸರ್‌ಗೆ ಏನೂ ಆಗಿರಲಿಲ್ರಿ. ನೀವು ಇನ್ನೊಂದು ಕೊಟ್ರಿ, ಬ್ಯಾಡ ಅನ್ನಾಕ ಹ್ಯಾಂಗ ಆಗ್ತದ ಅಂತ ಇಟ್ಕೊಂಡೀವಿ."

ನನಗೂ ನಗು ಬಂತು, ನಾಚಿಕೆಯೂ ಆಯಿತು. ಅಷ್ಟು ದಿನ ನಾನು ಕಟ್ಟಿದ ಬೆಂಬಲ ವ್ಯವಸ್ಥೆಯೆಲ್ಲ ಒಮ್ಮೆಯೂ ಕೆಡದ ಯಂತ್ರಗಳಿಗೆ. ಲಾಭ ಆದದ್ದು ಮಿಸ್ತ್ರಿಗೆ ಮಾತ್ರ, ಹೋದಲ್ಲೆಲ್ಲ ಚಹಾ ಸಿಕ್ಕಿತ್ತು. ಈ ಮಾತನ್ನು ನಾನೇ ಹೇಳಿ ನಗಿಸಿದೆ. ಆದರೆ ನನ್ನ ಸ್ವಭಾವ ನನಗೆ ಗೊತ್ತು, ತಪ್ಪು ತಿಳಿದ ಮೇಲೆ ಕೈಕಟ್ಟಿ ಕೂರುವವಳಲ್ಲ. ಯಂತ್ರ ಕೆಡುತ್ತಿಲ್ಲ, ಒಲೆ ಹಚ್ಚಲಾಗದ ದಿನಗಳು ಬರುತ್ತಿವೆ. ಅವು ಎಲ್ಲ ಊರಿಗೂ ಬರುತ್ತವೆ, ಹೇಳಿಕೇಳಿ ಬರುವುದಿಲ್ಲ. ಹಾಗಾದರೆ ಬೇಕಾದದ್ದು ಬೆಲ್ಟಲ್ಲ, ಇನ್ನೊಂದು ಓಣಿ.

ಅವತ್ತು ಮಧ್ಯಾಹ್ನದೊಳಗೆ ಒಂದು ಕಟ್ಟಳೆ ಮಾಡಿದೆವು. ಯಾವ ಗುಂಪಿಗೆ ಒಲೆ ಹಚ್ಚಲಾಗುವುದಿಲ್ಲವೋ ಅವರು ಉಳಿದವರಿಗೆ ಒಂದು ಮಾತು ಹೇಳಿ ಕಳಿಸಬೇಕು: ಇವತ್ತು ನಮ್ಮ ಒಲೆ ಇಲ್ಲ. ಸಾವೋ, ಜ್ವರವೋ, ಮನೆಯ ಜಗಳವೋ, ಯಾಕೆ ಎಂದು ಯಾರೂ ಕೇಳಬಾರದು. ನಾನಂತೂ ಕೇಳಲೇಬಾರದು ಎಂದು ಕೊಪ್ಪಳದವಳು ಬೆರಳು ತೋರಿಸಿ ಹೇಳಿದಳು. ಉಳಿದ ಗುಂಪುಗಳು ಆ ದಿನದ ಕೆಲಸ ಹಂಚಿಕೊಳ್ಳಬೇಕು. ತಪ್ಪಿದ ಸಲಗಳನ್ನು ಎಣಿಸುವುದು ಬಿಟ್ಟೆವು.

ಹಂಚಿಕೊಳ್ಳುವುದಕ್ಕೆ ಒಂದೇ ತೊಡಕು. ಜೋಳದ ರೊಟ್ಟಿ ಎಲ್ಲರಿಗೂ ಬರಬೇಕಲ್ಲ? ಕುಷ್ಟಗಿಯವರು ಬಡಿಯುತ್ತಾರೆ, ಆದರೆ ದಪ್ಪ. ಮುನಿರಾಬಾದಿನ ಮದುವೆಯವರು ಊಟ ಮಾಡಿ, ಈ ಸಲ ರೊಟ್ಟಿ ಯಾಕೆ ಹೀಗೆ ಎಂದು ಕೇಳಿಯೇ ಕೇಳಿದ್ದರು. ಗಂಗಾವತಿಯವರ ಕೈಗೆ ಅಕ್ಕಿ ಬಿಟ್ಟರೆ ಜೋಳದ ಹಿಟ್ಟಿನ ಹದವೇ ಗೊತ್ತಿಲ್ಲ. ಕಲಿಸಬಲ್ಲವಳು ಒಬ್ಬಳೇ, ನಾನು ಕಳ್ಳಿ ಎಂದವಳು.

ಕುಷ್ಟಗಿಯವಳು ಏಳುವ ಮುಂಚೆ ಇನ್ನೊಂದು ಮಾತು ಹೇಳಿದಳು. "ಯಲಬುರ್ಗಾದವರ ಆರ್ಡರ್ ಅವರಿಗೇ ಕೊಡ್ರಿ. ಒಬ್ಬರ ಮನ್ಯಾಗ ಸಾವಾದಾಗ ಕಸಗೊಂಡ ಕೆಲಸ ನನಗ ಬ್ಯಾಡ್ರಿ." ಕಸಿದುಕೊಂಡವಳು ಅವಳಲ್ಲ, ಕಸಿದು ಕೊಟ್ಟವಳು ನಾನು. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಯಲಬುರ್ಗಾದ ಮುಂದಾಳಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ; ಆರ್ಡರು ವಾಪಸು ತಗೊಳ್ಳಿರಿ, ಗಂಗಾವತಿ, ಕುಷ್ಟಗಿಯವರಿಗೆ ರೊಟ್ಟಿ ಬಡಿಯಲು ಕಲಿಸಿರಿ ಎಂದು ಕೇಳಿದೆ. "ಅವರ ಮನಿ ದಿನ ಮುಗೀಲ್ರಿ, ಆಮ್ಯಾಲ ನೋಡೂಣು" ಎಂದಳು. ಸೂತಕದ ದಿನ ಮುಗಿದವು. ಮತ್ತೆ ಮಾಡಿದೆ. ನೋಡೋಣ ಎಂದಳು. ನನಗೆ ಇಂಥದ್ದಕ್ಕೆ ಗೊತ್ತಿದ್ದ ಉಪಾಯ ಒಂದೇ. ಕನಕಗಿರಿಯ ಸಂತೆಯಿಂದ ರೊಟ್ಟಿ ಸುಡುವ ಎರಡು ಹೊಸ ಹಂಚು ತರಿಸಿ, ಚೆನ್ನಾಗಿ ಕಟ್ಟಿ, ಬಸ್ಸಿನಲ್ಲಿ ಆ ಊರಿಗೆ ಕಳಿಸಿದೆ. ಅದೇ ಬಸ್ಸಿನಲ್ಲಿ ಸಂಜೆ ಹಂಚು ವಾಪಸು ಬಂದವು. "ಹಂಚು ಅದಾವಂತ್ರಿ ಅವರ ಹತ್ರ" ಎಂದ ಕಂಡಕ್ಟರು, ನನ್ನ ಮುಖ ನೋಡದೆ. ಹಂಚು ಬೇಡವಾದರೆ ಇನ್ನೇನು ಕಳಿಸಲಿ ಎಂದು ಯೋಚಿಸುತ್ತಾ ಕಪಾಟು ತೆರೆದೆ. ಅಲ್ಲಿ ಗಿರಣಿಯ ಹೊಸ ಬೆಲ್ಟು ಕಂಡಿತು. ನನ್ನ ಬುದ್ಧಿಗೆ ನನಗೇ ಅಸಹ್ಯವಾಗಿ ಕಪಾಟು ಮುಚ್ಚಿದೆ.

ಮರುದಿನ ಅವಳೇ ಫೋನ್ ಮಾಡಿದಳು. ಮೊದಲ ಸಲ ಅವಳ ದನಿಯಲ್ಲಿ ಬಿಸಿ ಇತ್ತು.

"ಹಂಚು ಕಳಸಬ್ಯಾಡ್ರಿ ಅಕ್ಕಾರ. ನೀವು ಅವತ್ತ ಕೂಗಿ ಹೋದ್ರಿ. ಕಿರಾಣಿ ಅಂಗಡಿಗೆ ಹೋದ್ರ ಗಂಡಸರು, ಏನವಾ, ಗಿರಣಿ ರಿಪೇರಿ ಆತೇನು ಅಂತ ನಗ್ತಾರ. ಕಳ್ಳ ಸಂಘ ಅಂತ ಹೆಸರು ಬಿದ್ದೈತಿ. ನಮ್ಮ ಪೈಕಿ ಇಬ್ಬರಿಗೆ ಮನ್ಯಾಗ, ಮರ್ಯಾದಿ ಕಳಿಯೂ ಸಂಘ ಬ್ಯಾಡ, ಬಿಟ್ಟು ಕೂಡ್ರು ಅಂದಾರ. ಮೂರನೇದಾಕಿ ನಾಳೆ ಬಿಡ್ತಾಳ. ಆರ್ಡರ್ ಇಲ್ಲದ್ರೂ ನಡೀತೈತ್ರಿ. ಈ ಹೆಸರು ಇಟ್ಕೊಂಡು ನಡಿಯಂಗಿಲ್ಲ."

"ನಾ ಏನ್ ಮಾಡ್ಲಿ ಹೇಳ್ರಿ."

"ಓಣ್ಯಾಗ ಬೈದೀರಿ. ಓಣ್ಯಾಗ ಬಂದು ಹೇಳ್ರಿ."

ತಕ್ಷಣ ಹೋದೆ ಎಂದು ಬರೆಯಲು ನನಗೂ ಆಸೆ ಇದೆ. ಹೋಗಲಿಲ್ಲ. ಎರಡು ದಿನ ಆಫೀಸಿನಲ್ಲಿ ಕೂತು ಲೆಕ್ಕವಿಲ್ಲದಷ್ಟು ಸಲ ನನ್ನ ಜೊತೆ ನಾನೇ ವಾದ ಮಾಡಿದೆ. ಊರ ಗಂಡಸರ ಮುಂದೆ ನಿಂತು ತಪ್ಪು ಒಪ್ಪಿಕೊಂಡರೆ ನಾಳೆ ನಾಲ್ಕು ತಾಲೂಕಿನಲ್ಲಿ ನನ್ನ ಮಾತು ಯಾರು ಕೇಳುತ್ತಾರೆ? ಅಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಗತ್ತು ಏನಾಗಬೇಕು? ಗುಂಪಿನವರ ಮುಂದೆ ಹೇಳಿಯಾಗಿದೆ, ಅವಳಿಗೂ ಫೋನಿನಲ್ಲಿ ಹೇಳಿಯಾಗಿದೆ, ಇನ್ನೂ ಓಣಿಯಲ್ಲೇ ಹೇಳಬೇಕು ಎಂದರೆ ಹಟವಲ್ಲವೇ? ಹೀಗೆ. ಮೂರನೆಯ ದಿನ ಬೆಳಿಗ್ಗೆ ಅವಳ ಮಾತು ನೆನಪಾಯಿತು, ಮೂರನೆಯವಳು ನಾಳೆ ಬಿಡುತ್ತಾಳೆ. ಆ ನಾಳೆ ಆಗಲೇ ಕಳೆದುಹೋಗಿತ್ತು. ನನ್ನ ಗತ್ತು ಉಳಿಸಿಕೊಳ್ಳಲು ನಾನು ಎಣಿಸುತ್ತಿದ್ದ ಒಂದೊಂದು ದಿನಕ್ಕೂ ಅಲ್ಲಿ ಒಬ್ಬೊಬ್ಬ ಹೆಣ್ಣುಮಗಳು ಮನೆಯೊಳಗೆ ಹೋಗಿ ಕೂರುತ್ತಿದ್ದಳು. ಸಂಘ ಕಟ್ಟಲು ನೌಕರಿಯನ್ನೇ ಬಿಟ್ಟವಳು ಕೂತು ಸಂಘ ಮುರಿಯುತ್ತಿದ್ದೆ. ಚಪ್ಪಲಿ ಮೆಟ್ಟಿದವಳು ನೇರ ಬಸ್‌ಸ್ಟ್ಯಾಂಡಿಗೆ ಹೋದೆ.

ಊರು ತಲುಪಿದಾಗ ಬಿಸಿಲು ಆಗತಾನೇ ಏರುತ್ತಿತ್ತು. ಮುಂದಾಳು ಮನೆಯ ಮುಂದೆ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಮೊರ ಕೆಳಗಿಟ್ಟು ಎದ್ದಳು. ಮಂದಿಯನ್ನು ಕರೆಯಿರಿ, ಹೇಳುತ್ತೇನೆ ಎಂದೆ.

"ಬೈಯೂವಾಗ ನೀವು ಯಾರನ್ನೂ ಕರ್ದಿರಲಿಲ್ರಿ. ತಾವ ಬಂದಿದ್ರು" ಎಂದಳು.

ಅದೂ ನಿಜವೇ. ನಾನು ಹೋಗಿ ಅವತ್ತು ನಿಂತಿದ್ದ ಜಾಗದಲ್ಲೇ ನಿಂತೆ. ಕಟ್ಟೆಯ ಮೇಲೆ ಐದಾರು ಮಂದಿ ಕೂತಿದ್ದರು. ಕಿರಾಣಿ ಅಂಗಡಿಯ ಮುಂದೆ ಇಬ್ಬರು. ಬಾಗಿಲುಗಳಲ್ಲಿ ಗುಂಪಿನ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದು ನಿಂತರು. ತಾಯಿಯನ್ನು ಕಳೆದುಕೊಂಡವಳೂ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಎಷ್ಟೋ ವೇದಿಕೆ ಹತ್ತಿದವಳು ನಾನು, ಮೈಕು ಕಂಡರೆ ಬಿಡುವವಳಲ್ಲ.

"ಅವತ್ತ ನಾ ಇಲ್ಲಿ ಇವರಿಗೆ ಒಂದು ಮಾತು ಅಂದಿದ್ದೆ" ಎಂದು ಶುರು ಮಾಡಿದೆ. "ಅದು..." ದನಿ ಅಲ್ಲೇ ಕುಸಿಯಿತು. ಮುಂದಿನದು ನನಗೇ ಕೇಳಿಸಲಿಲ್ಲ.

ಕಟ್ಟೆಯ ಮೇಲಿನ ಒಬ್ಬ ಮುದುಕಿ ಕಿವಿಗೆ ಕೈ ಹಚ್ಚಿದಳು.

"ಜೋರಾಗಿ ಹೇಳವ್ವ. ಬೈಯೂವಾಗ ನಿನ್ನ ದನಿ ಊರ ಅಗಸಿ ಬಾಗಲತನ ಕೇಳ್ತಿತ್ತು."

ಯಾರೋ ಕಿಸಕ್ಕನೆ ನಕ್ಕರು. ನಾನು ಉಸಿರೆಳೆದುಕೊಂಡೆ.

"ಇವರು ಕಳ್ಳರಲ್ಲ!" ಎಂದೆ. ಕಿರಾಣಿ ಅಂಗಡಿಯವನು ತಲೆ ಎತ್ತಿದ. "ಅವತ್ತ ಸತ್ತವರ ಮನಿಗೆ ರೊಟ್ಟಿ ಒಯ್ಯಾಕತ್ತಿದ್ರು. ನಾ ಆ ಬುಟ್ಟಿ ತಡದು ನಿಂತು ಕಳ್ಳರು ಅಂದೆ. ಗಿರಣಿ ಕೆಟ್ಟೈತಿ ಅಂತ ಅವರು ಹೇಳಿದ್ದು ನಾ ಅವರಿಗೆ ಖರೇ ಹೇಳಾಕ ಬಿಡಲಿಲ್ಲ ಅಂತ. ತಪ್ಪು ನಂದು. ಹನ್ನೊಂದು ಮಂದಿಯೊಳಗ ಒಬ್ಬರದೂ ಇಲ್ಲ. ಇನ್ನ ಮ್ಯಾಲ ಯಾರರ ಇವರನ್ನ ನೋಡಿ ನಕ್ರ ನನ್ನನ್ನ ನೋಡಿ ನಗ್ರಿ, ನಾ ಕೊಪ್ಪಳದಾಗ ಇರ್ತೀನಿ."

ಬಾಗಿಲ ಚೌಕಟ್ಟು ಹಿಡಿದಿದ್ದವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಕಣ್ಣಲ್ಲೂ ನೀರು ಬಂದಿತ್ತು, ಒರೆಸಿಕೊಳ್ಳಲು ನಾಚಿಕೆಯಾಗಲಿಲ್ಲ.

ಮುಂದಾಳು ನನ್ನ ಹತ್ತಿರ ಬಂದಳು. ಕೈಗೆ ಅಂಟಿದ್ದ ಜೋಳದ ಹೊಟ್ಟನ್ನು ಝಾಡಿಸಿಕೊಂಡಳು.

"ಸಾಕ್ರಿ ಅಕ್ಕಾರ" ಎಂದಳು. "ಗಂಗಾವತಿಗೆ ಬಸ್ ಎಷ್ಟೊತ್ತಿಗೆ ಐತಿ?"